ಹೆಬ್ಬೆರಳು ಮೆತ್ತಗೆ

ಬೊಸ್ಸಾ ನೋವಾ ಅಂದ್ರೆ ಬ್ರೆಜಿಲ್‌ನ ಒಂದು ಸಂಗೀತ ಶೈಲಿ, ಆ ಪದ ನಾನು ಮೊದ್ಲು ಓದಿದ್ದು ಚಿಕ್ಕಪ್ಪನ ಮಗನ ಕ್ಯಾಸಿಯೋ ಕೀಬೋರ್ಡ್ ಮೇಲೆ. ವಾಲ್ಟ್ಜ್, ಡಿಸ್ಕೋ, ಬೊಸ್ಸಾ ನೋವಾ ಅಂತ ರಿದಮ್ ಬಟನ್‌ಗಳು ಸಾಲಾಗಿ ಇರ್ತಿದ್ವಲ್ಲ, ಅದು. ಒತ್ತಿದ್ರೆ ಟಿಕ್ ಟಿಟಿಕ್ ಟಿಕ್ ಅಂತ ಏನೋ ಬರೋದು, ನಮ್ಗೆ ಬೇಕಾಗಿದ್ದು ಡಿಸ್ಕೋ, ಮುಂದೆ ಹೋಗ್ತಿದ್ವಿ.

ಆಮೇಲೆ ಎಷ್ಟೋ ವರ್ಷ ಆದ್ಮೇಲೆ ಬೆಂಗಳೂರಲ್ಲಿ ಕೆಲ್ಸಕ್ಕೆ ಸೇರಿದ್ಮೇಲೆ ಒಂದು ಆಲ್ಬಮ್ ಸಿಕ್ತು, ಬೆಬೆಲ್ ಜಿಲ್ಬೆರ್ಟೊ ಅನ್ನೋ ಬ್ರೆಜಿಲ್‌ನ ಹಾಡುಗಾರ್ತಿದು, ಹೆಸ್ರು ‘ಟಾಂಟೊ ಟೆಂಪೊ’, ಪೋರ್ಚುಗೀಸಲ್ಲಿ ಎಷ್ಟೊಂದು ಕಾಲ ಅಂತ ಅರ್ಥ. 2000ದಲ್ಲಿ ಬಂದಿದ್ದು, ಹನ್ನೊಂದು ಹಾಡು, ಹೊರಗೆ ತಂದಿದ್ದು ಬೆಲ್ಜಿಯಂನ ಒಂದು ಕಂಪನಿ. ನು-ಜಾಝ್ ಅಂತ ಕರೀತಾರೆ ಇಂಥದನ್ನ, ಹಳೇ ಜಾಝ್ ಕಾರ್ಡುಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಕೆಳಗೆ ಕಂಪ್ಯೂಟರಲ್ಲಿ ಜೋಡಿಸಿದ ಬೀಟು, ಇದ್ರಲ್ಲಿ ಜೊತೆಗೆ ಬೊಸ್ಸಾ ಗಿಟಾರ್. ಕಿವಿ ಪಕ್ಕ ಕೂತ್ಕೊಂಡು ಗುಟ್ಟು ಹೇಳೋ ಹಾಗೆ ಹಾಡ್ತಾಳೆ. ಹೋಟೆಲ್ ಲಾಬಿಲಿ, ಕಾಫಿ ಅಂಗಡೀಲಿ ನೀವೂ ಕೇಳಿರ್ತೀರ, ಗೊತ್ತಾಗಿರಲ್ಲ ಅಷ್ಟೇ, ಬಿಲ್ ಕೊಟ್ಟು ಎದ್ದು ಬಂದಿರ್ತೀರ. ನಾನು ರಾತ್ರಿ ಶಿಫ್ಟ್ ಮುಗಿಸ್ಕೊಂಡು ಬರೋವಾಗ ಕ್ಯಾಬಲ್ಲಿ ಹಾಕ್ಕೊಂಡು ನಿದ್ದೆ ಮಾಡ್ತಿದ್ದೆ. ನಿಜ ಹೇಳ್ಬೇಕಂದ್ರೆ ಮೂರು ವರ್ಷ ಅದ್ರ ನಾಲ್ಕನೇ ಹಾಡು ದಾಟಿ ಎಚ್ಚರ ಇದ್ದಿದ್ದೇ ಇಲ್ಲ.

2018ರಲ್ಲಿ ಪ್ರಾಜೆಕ್ಟ್ ಮೇಲೆ ಹತ್ತು ತಿಂಗಳು ಬ್ರೆಜಿಲ್‌ನ ಸಾವೊ ಪಾಲೊಗೆ ಹೋಗ್ತೀಯಾ ಅಂದ್ರು. ಹೂಂ ಅಂದೆ. ಹೂಂ ಅನ್ನೋವಾಗ್ಲೇ ತಲೇಲಿ ಇದ್ದಿದ್ದು ಈ ಗಿಟಾರು ಕಲೀಬೇಕು ಅಂತ. ಹತ್ತನೇ ಕ್ಲಾಸ್ ತನಕ ಅಮ್ಮನ ಹತ್ರ ವೀಣೆ ಕಲ್ತಿದ್ದೆ, ಇಂಜಿನಿಯರಿಂಗಲ್ಲಿ ಹಾಸ್ಟೆಲ್ ಗಿಟಾರಲ್ಲಿ ನಾಲ್ಕು ಕಾರ್ಡ್ ಹಿಡ್ಕೊಂಡು ಎಲ್ಲಾ ಹಾಡೂ ಬಾರಿಸ್ತಿದ್ದೆ, ಈ ಬ್ರೆಜಿಲ್‌ನೋರು ಬಾರ್ಸೋದು ನೋಡಿದ್ರೆ ಇಷ್ಟು ನಿಧಾನ, ಇಷ್ಟು ಮೆತ್ತಗೆ, ಮಹಾ ಏನಿರುತ್ತೆ, ಎರಡು ತಿಂಗಳಲ್ಲಿ ಬರುತ್ತೆ ಅಂದ್ಕೊಂಡೆ.

ಇಳಿದಿದ್ದು ನವೆಂಬರ್ 2. ಊರೆಲ್ಲಾ ಬಂದ್. ಅವತ್ತು ಅಲ್ಲಿ ಫಿನಾದೊಸ್, ತೀರಿಹೋದವ್ರ ದಿನ, ನಮ್ಮ ಮಹಾಲಯ ಅಮಾವಾಸ್ಯೆ ಇದ್ದಂಗೆ, ಎಲ್ರೂ ಹೂವು ತಗೊಂಡು ಸಮಾಧಿ ಹತ್ರ ಹೋಗ್ತಾರೆ. ಹಾಲು, ಬ್ರೆಡ್ಡು ಸಿಗೋಕೆ ಅರ್ಧ ಗಂಟೆ ಅಲೆದೆ. ಈ ತಾರೀಖು ನೆನಪಿಟ್ಕೊಳಿ, ಆಮೇಲೆ ಬರ್ತೀನಿ.

ಆಫೀಸಲ್ಲಿ ಬೊಸ್ಸಾ ಕಲೀಬೇಕು ಅಂದಿದ್ದಕ್ಕೆ ಹುಡುಗ್ರೆಲ್ಲಾ ನಕ್ರು. ಅದು ನಮ್ಮ ತಾತನ ಕಾಲದ್ದು, ಲಿಫ್ಟ್ ಒಳಗೆ ಹಾಕೋದು ಅಂತ. ಅವ್ರು ಕೇಳೋದೆಲ್ಲಾ ಸೆರ್ತನೇಜೊ, ಅಂದ್ರೆ ಹಳ್ಳಿ ಕಡೆ ಶೈಲಿ ಪ್ರೇಮಗೀತೆಗಳು, ಇಲ್ಲಾ ಫಂಕ್. ಬೊಸ್ಸಾ ಅವ್ರಿಗೆ ನಮ್ಗೆ ಭಾವಗೀತೆ ಕ್ಯಾಸೆಟ್ ಇದ್ದಂಗೆ, ಗೌರವ ಇದೆ, ಹಾಕಿ ಕೇಳಲ್ಲ.

ಗಿಟಾರ್ ತಗೊಳ್ಳೋಕೆ ಪಿನ್ಯೇರೊಸ್ ಅನ್ನೋ ಏರಿಯಾಗೆ ಹೋದೆ, ಅಲ್ಲಿ ತಿಯೊದೊರೊ ಸಂಪಾಯೊ ಅಂತ ಒಂದು ರಸ್ತೆ, ಬರೀ ವಾದ್ಯದ ಅಂಗಡಿಗಳೇ, ನಮ್ಮ ಎಸ್‌ಪಿ ರೋಡಲ್ಲಿ ಎಲೆಕ್ಟ್ರಾನಿಕ್ಸ್ ಇದ್ದಂಗೆ. ಗಿಟಾರಾ ಬೇಕು ಅಂದೆ, ಎಲೆಕ್ಟ್ರಿಕ್ ತೋರಿಸಿದ್ರು. ಇನ್ನೊಂದು ಅಂಗಡೀಲಿ ಕೇಳ್ದೆ, ಅಲ್ಲೂ ಎಲೆಕ್ಟ್ರಿಕ್. ಮೂರನೇ ಕಡೆ ಒಬ್ಬ ಅಜ್ಜ ಬಿಡ್ಸಿ ಹೇಳಿದ್ರು, ಗಿಟಾರಾ ಅಂದ್ರೆ ಇಲ್ಲಿ ಕರೆಂಟಿಂದೇ, ಮರದ ಪೆಟ್ಟಿಗೆ ನೈಲಾನ್ ತಂತಿ ಇರೋದಕ್ಕೆ ವಿಯೊಲಾವ್ ಅಂತ. ಕೊನೆಗೆ ಒಂದು ಸೆಕೆಂಡ್‌ಹ್ಯಾಂಡ್ ಜಿಯಾನಿನಿ ತಗೊಂಡೆ, 650 ರಿಯಲ್, ಆಗಿನ ಲೆಕ್ಕದಲ್ಲಿ ಹತ್ರ ಹತ್ರ 12,000 ರೂಪಾಯಿ. ಸಾವೊ ಪಾಲೊದ್ದೇ ಕಂಪನಿ, 1900ರಿಂದ ಇದೆ. ಕಂಪನಿದು ಏನೂ ತಪ್ಪಿಲ್ಲ, ಆದ್ರೆ ನಂಗೆ ಮಾರಿದವನು ಕುತ್ತಿಗೆ ಬಾಗಿರೋದನ್ನ ಹೇಳ್ಲಿಲ್ಲ, ಮನೆಗೆ ತಂದ್ರೆ ಮೂರನೇ ತಂತಿ ಜೀರುಂಡೆ ಥರ ಜೀರ್ ಅನ್ನೋದು. ವಾಪಸ್ ತಗೊಂಡು ಹೋದ್ರೆ ಅವ್ನಿಗೆ ಇದ್ದಕ್ಕಿದ್ದಂಗೆ ನನ್ನ ಇಂಗ್ಲಿಷೂ ಅರ್ಥ ಆಗ್ಲಿಲ್ಲ ಪೋರ್ಚುಗೀಸೂ ಅರ್ಥ ಆಗ್ಲಿಲ್ಲ.

ಮೇಷ್ಟ್ರು ಸಿಕ್ಕಿದ್ದು ಆಫೀಸಿನ ಒಬ್ರ ಕಡೆಯಿಂದ. ಅಲ್ಲಿ ಯಾವ ಮೇಷ್ಟ್ರಾದ್ರೂ ಪ್ರೊಫೆಸ್ಸೊರ್ ಅಂತಲೇ ಕರೆಯೋದು, ಡ್ರೈವಿಂಗ್ ಕಲಿಸೋರನ್ನೂ. ಅರವತ್ತು ದಾಟಿದ ಮನುಷ್ಯ, ವಿಲಾ ಮದಲೇನಾದಲ್ಲಿ ಕಡಿದಾದ ಇಳಿಜಾರಲ್ಲಿ ಒಂದು ಸಣ್ಣ ಮನೆ, ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಕ್ಲಾಸು. ಮೊದಲ ದಿನ ನನ್ನ ಗಿಟಾರ್ ಇಸ್ಕೊಂಡು ಬಡಗಿ ತೊಲೆ ನೋಡೋ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ್ರು, ಏನೂ ಅನ್ಲಿಲ್ಲ, ಒಳಗೆ ಹೋಗಿ ಒಂದು ಸಣ್ಣ ಕೀ ತಂದು ಸೌಂಡ್ ಹೋಲ್ ಒಳಗೆ ಕೈ ಹಾಕಿ ಕಾಲು ಸುತ್ತು ತಿರುಗಿಸಿದ್ರು. ಜೀರುಂಡೆ ಹೋಯ್ತು.

ಆಮೇಲೆ ತಂತಿಗಳ ಹೆಸ್ರು ಹೇಳಿದ್ರು, ಮಿ, ಲಾ, ರೆ, ಸೋಲ್, ಸಿ, ಮಿ. ಇಲ್ಲಿ ನನ್ನ ತಲೆ ಕೆಡ್ತು. ರೆ ಅಂದ ತಕ್ಷಣ ನನ್ನ ಒಳಗೆ ರಿಷಭ ಅಂತ ಕೇಳುತ್ತೆ, ರಿಷಭ ಅಂದ್ರೆ ಷಡ್ಜ ಯಾವ್ದು ಅಂತ ಹುಡುಕುತ್ತೆ. ಅವ್ರಿಗೆ ದೊ ಅಂದ್ರೆ ಯಾವಾಗ್ಲೂ ಒಂದೇ ಶ್ರುತಿ, ಇಂಗ್ಲಿಷಿನ ಸಿ (C), ಅದು ಜಾಗ ಬಿಟ್ಟು ಕದಲಲ್ಲ. ನಮ್ಗೆ ಸ ಎಲ್ಲಿ ಇಟ್ಕೋತೀವೋ ಅಲ್ಲಿ. ಇದನ್ನ ಅವ್ರಿಗೆ ವಿವರಿಸೋಕೆ ಹೋದೆ, ಹಂಗಾದ್ರೆ ನಿಮ್ಮೂರಲ್ಲಿ ಮನೆ ನಂಬರೂ ದಿನಾ ಬದಲಾಗುತ್ತಾ ಅಂತ ಕೇಳಿದ್ರು.

ಮೊದಲ ತಿಂಗಳು ಕಾರ್ಡೇ ಇಲ್ಲ, ಬರೀ ಹೆಬ್ಬೆರಳು. ನಂಬ್ತೀರಾ, ನಾಲ್ಕು ಶನಿವಾರ. ಬೊಸ್ಸಾದಲ್ಲಿ ಗಿಟಾರು ಸ್ಟ್ರಮ್ ಮಾಡೋದಲ್ಲ, ಅಂದ್ರೆ ಎಲ್ಲಾ ತಂತಿ ಒಟ್ಟಿಗೆ ಗೀರೋದಲ್ಲ. ಹೆಬ್ಬೆರಳು ದಪ್ಪ ತಂತೀಲಿ ಒಂದು, ಎರಡು, ಒಂದು, ಎರಡು ಅಂತ ಹೋಗ್ತಾನೇ ಇರುತ್ತೆ, ಅದು ಸಾಂಬಾ ತಂಡದ ದೊಡ್ಡ ಡೋಲು ಸುರ್ದು ಇದ್ದಂಗೆ. ಉಳಿದ ಮೂರು ಬೆರಳು ಒಟ್ಟಿಗೆ, ಚಿಟಿಕೆ ಉಪ್ಪು ತೆಗೆಯೋ ಥರ ಮೂರು ತಂತಿ ಎತ್ತಿ ಬಿಡೋದು, ಅದು ತಾಂಬೊರಿಂ ಅನ್ನೋ ಸಣ್ಣ ಚರ್ಮವಾದ್ಯದ ಪಾತ್ರ. ಅಂದ್ರೆ ಬೀದಿ ತುಂಬಾ ಜನ ಸೇರಿ ಬಾರಿಸೋ ಸಾಂಬಾನ ಒಂದು ಕೈಗೆ ಇಳಿಸಿ, ರೂಮಿನ ಬಾಗಿಲು ಹಾಕ್ಕೊಂಡು, ಪಕ್ಕದಲ್ಲಿ ಮಗು ಮಲಗಿದೆ ಅನ್ನೋ ಹಾಗೆ ಬಾರಿಸ್ಬೇಕು. ಇದು ಮೊದ್ಲು ಮಾಡಿ ತೋರಿಸಿದ್ದು ಬೆಬೆಲ್ ಅಪ್ಪ ಜೊವಾವ್ ಜಿಲ್ಬೆರ್ಟೊ, 1958ರಲ್ಲಿ, ಟಾಮ್ ಜೊಬಿಂ ಮತ್ತೆ ವಿನಿಸಿಯಸ್ ಜಿ ಮೊರಾಯಿಸ್ ಮಾಡಿದ ‘ಶೇಗ ಜಿ ಸೌದಾಜಿ’ ಹಾಡಲ್ಲಿ. ಆ ಕೈಗೆ ಬಾಚೀದಾ ಅಂತಾರೆ, ಏಟು, ಬಡಿತ ಅನ್ನೋ ಅರ್ಥ.

ನನ್ನ ಹೆಬ್ಬೆರಳು ಎಷ್ಟು ಮೆತ್ತಗೆ ಬಾರಿಸಿದ್ರೂ ಅವ್ರು ಅಂಗೈ ಕೆಳಗೆ ಮಾಡಿ, ಇನ್ನೂ ಮೆತ್ತಗೆ. ಇನ್ನೂ. ಕೊನೆಗೆ ಕೇಳ್ಸೋದೇ ಇಲ್ವಲ್ಲಾ ಅಂದೆ. ‘ನಿಂಗೆ ಕೇಳಿಸ್ತಲ್ಲ, ಸಾಕು’ ಅಂದ್ರು.

ಉಗುರಿನ ಕಥೆ ಬೇರೆ. ಬಲಗೈ ಉಗುರು ಒಂಚೂರು ಬೆಳೆಸ್ಬೇಕು, ನೈಲಾನ್ ತಂತಿಗೆ ಬರೀ ಬೆರಳ ತುದಿ ಆದ್ರೆ ನಾದ ಮಂಕು. ಬೆಳ್ಸಿದೆ, ದಿನಾ ಉಜ್ಜಿ ಉಜ್ಜಿ ನೈಸ್ ಮಾಡಿಟ್ಕೊಂಡಿದ್ದೆ. ಸಂಕ್ರಾಂತಿ ದಿನ ಬೀದಿ ಸಂತೆಯಿಂದ ತೆಂಗಿನಕಾಯಿ ತಂದು, ಪೊಂಗಲ್ ಜೊತೆಗೆ ಚಟ್ನಿ ಮಾಡೋಣ ಅಂತ ಚಪ್ಪಟೆ ತುರಿಯೋ ಮಣೇಲಿ ಕಾಯಿ ತುರೀತಿದ್ದೆ, ಈಳಿಗೆ ಮಣೆ ಎಲ್ಲಿಂದ ತರೋದು ಅಲ್ಲಿ, ಸರಕ್ ಅಂತ ಜಾರಿ ಉಂಗುರದ ಬೆರಳ ಉಗುರು ಅರ್ಧ ಕಾಯಿತುರಿ ಜೊತೆ ಹೋಯ್ತು. ಅಮ್ಮಂಗೆ ಫೋನಲ್ಲಿ ಹೇಳಿದ್ರೆ ‘ಚಟ್ನಿ ಚೆಲ್ದೆ ತಾನೇ’ ಅಂತ ಅದೇ ಕೇಳಿದ್ಲು. ಎರಡು ವಾರ ಹೆಬ್ಬೆರಳಿಗೆ ವಾಪಸ್.

ಮುಂದೆ ಪ್ರೊಫೆಸ್ಸೊರ್ ಎರಡು ಕಾರ್ಡ್ ಕೊಟ್ರು. ಗೊತ್ತಿರೋರಿಗೆ ಹೇಳ್ತೀನಿ, ಡಿ ಮೈನರ್ ನೈನ್, ಜಿ ಥರ್ಟೀನ್. ಮೊದಲನೇ ಕಾರ್ಡಿಗೆ ಐದನೇ ತಂತಿ ಐದನೇ ಮನೆ (ಫ್ರೆಟ್), ನಾಲ್ಕನೇದು ಮೂರರಲ್ಲಿ, ಮೂರನೇದು ಎರಡನೇದು ಎರಡೂ ಐದರಲ್ಲಿ. ಇದ್ರಿಂದ ಎರಡನೇ ಕಾರ್ಡಿಗೆ ಹೋಗೋಕೆ ಮೂರನೇ ತಂತಿ ಒಂದೇ ಒಂದು ಮನೆ ಹಿಂದೆ ಸರಿಯುತ್ತೆ, ಬೇಸು ಆರನೇ ತಂತಿಯ ಮೂರಕ್ಕೆ ಹೋಗುತ್ತೆ, ಉಳಿದ ಎರಡು ಸ್ವರ ಇದ್ದಲ್ಲೇ ಇರ್ತಾವೆ. ಇಷ್ಟೇ. ಹಾಸ್ಟೆಲಲ್ಲಿ ನಾನು ಕಾರ್ಡ್ ಬದಲಾಯಿಸ್ತಿದ್ದಿದ್ದು ಬಸ್ ಗೇರ್ ಬದಲಾಯ್ಸಿದಂಗೆ, ಇಲ್ಲಿ ಒಂದು ಬೆರಳು ಒಂದು ಮನೆ ಜರುಗಿದ್ರೆ ರೂಮಿನ ಬೆಳಕೇ ಬೇರೆ ಆಗುತ್ತೆ. ಅವತ್ತು ಫ್ಲಾಟಿಗೆ ಬಂದು ಅದೆರಡನ್ನೇ ಊಟ ಬಿಟ್ಟು ಬಾರಿಸ್ತಾ ಕೂತಿದ್ದೆ.

ಆದ್ರೆ ತಾಳ ಬರ್ತಿಲ್ಲ. ಹೆಬ್ಬೆರಳು ಬೀಟಿಗೆ ಸರಿಯಾಗಿ ಬೀಳ್ಬೇಕು, ಮೂರು ಬೆರಳು ಬೀಟಿಗೆ ಬೀಳ್ದೆ ಹಿಂದೆ ಮುಂದೆ ಬೀಳ್ಬೇಕು, ನನ್ನ ಕೈಯಲ್ಲಿ ಎಲ್ಲಾ ಒಟ್ಟಿಗೆ ದಬಕ್ ಅಂತ ಬೀಳ್ತಿತ್ತು. ಪುಸ್ತಕಗಳಲ್ಲಿ ಬೊಸ್ಸಾ ಕ್ಲಾವೆ ಅಂತ ಒಂದು ಲೆಕ್ಕ ಕೊಟ್ಟಿರ್ತಾರೆ, ಹದಿನಾರು ಮಾತ್ರೇಲಿ ಒಂದು, ನಾಲ್ಕು, ಏಳು, ಹನ್ನೊಂದು, ಹದಿನಾಲ್ಕು, ಈ ಐದು ಕಡೆ ಏಟು. ಮೆಟ್ರೋದಲ್ಲಿ ನಿಂತ್ಕೊಂಡು ಅದನ್ನೇ ಎಣಿಸ್ತಾ ಇದ್ದೆ, ಫ್ರಾದಿಕಿ ಕೊಚೀನ್ಯೊ ಸ್ಟೇಷನ್ ಬಂತು, ಇಳಿಯೋವಾಗ ಫಕ್ಕನೆ ಹೊಳೀತು. ಮಧ್ಯದ ಅಂತರ ನೋಡಿದ್ರೆ ಮೂರು, ಮೂರು, ನಾಲ್ಕು, ಮೂರು, ಮೂರು. ತಕಿಟ ತಕಿಟ ತಕಧಿಮಿ ತಕಿಟ ತಕಿಟ! ಹದಿನಾರು ಸರಿಯಾಯ್ತು. ಎಸ್ಕಲೇಟರ್ ಮೇಲೆ ನಿಂತು ಬಲಗೈಲಿ ತೊಡೆ ಮೇಲೆ ನಾಲ್ಕು ನಾಲ್ಕಕ್ಕೆ ಏಟು ಹಾಕ್ಕೊಂಡು ಬಾಯಲ್ಲಿ ತಕಿಟ ಹೇಳ್ಕೊಂಡು ಹೋದೆ, ಮುಂದಿದ್ದ ಹೆಂಗಸು ತಿರುಗಿ ನೋಡಿ ಬ್ಯಾಗ್ ಮುಂದಕ್ಕೆ ಹಾಕ್ಕೊಂಡ್ಲು.

ಕ್ಲಾಸಲ್ಲಿ ಹೇಳಿ ತೋರ್ಸಿದೆ. ಪ್ರೊಫೆಸ್ಸೊರ್ ತುಂಬಾ ಖುಷಿಪಟ್ರು, ಮೂರು ಸಲ ಹೇಳಿಸ್ಕೊಂಡ್ರು. ಆಮೇಲೆ, ‘ಆದ್ರೆ ಈ ಕ್ಲಾವೆ ಹೊರದೇಶದೋರ ಪುಸ್ತಕದ ಲೆಕ್ಕ, ಜೊವಾವ್ ಹಿಂಗೆ ಎಣಿಸ್ಕೊಂಡು ಬಾರ್ಸಲ್ಲ’ ಅಂದ್ರು. ಅವ್ರಿಗೂ ಬಾಯಿಪಾಠದ ಸೊಲ್ಲು ಇದೆ, ತೆಲೆಕೊ-ತೆಕೊ ಅಂತ, ತಾಂಬೊರಿಂ ಬಾರ್ಸೋರು ಹೇಳೋದು. ಅದು ತಕಿಟದ ಥರ ಲೆಕ್ಕಕ್ಕೆ ನಿಲ್ಲಲ್ಲ, ಒಂಚೂರು ಕುಂಟುತ್ತೆ. ಸಾಂಬಾದಲ್ಲಿ ಒಂದು ಬೀಟಿನ ನಾಲ್ಕು ಮಾತ್ರೆ ಸಮ ಇರಲ್ಲ ಅನ್ನೋದು ನಂಗೆ ಅವತ್ತು ಅರ್ಥ ಆಗ್ಲಿಲ್ಲ, ಮೇ ತಿಂಗಳಲ್ಲಿ ಕೈಗೆ ಅರ್ಥ ಆಯ್ತು, ಬಾಯಲ್ಲಿ ಹೇಳೋಕೆ ಈಗ್ಲೂ ಬರಲ್ಲ.

ಜೊವಾವ್ ಈ ಕೈ ಕಂಡುಕೊಂಡಿದ್ದು ಬಚ್ಚಲುಮನೇಲಂತೆ. ತಮಾಷೆ ಅಲ್ಲ. 1955-56ರಲ್ಲಿ ರಿಯೊದಲ್ಲಿ ಏನೂ ಗಿಟ್ಟದೆ ಕೈ ಸೋತು, ಮಿನಾಸ್ ರಾಜ್ಯದ ಜಿಯಾಮಂಚೀನಾ ಊರಲ್ಲಿ ಸೋದರಿ ಮನೇಲಿ ಹೋಗಿ ಇದ್ದಾಗ ಬಚ್ಚಲಲ್ಲಿ ಕೂತು ತಿಂಗಳುಗಟ್ಟಲೆ ಸಾಧನೆ ಮಾಡ್ತಿದ್ದನಂತೆ, ಗೋಡೆ ಟೈಲ್ಸಿಗೆ ನಾದ ತಿರುಗಿ ಬರುತ್ತೆ ಅಂತ, ಮೆತ್ತಗೆ ಹಾಡಿದ್ರೂ ತನಗೆ ತಾನು ಪೂರ್ತಿ ಕೇಳುತ್ತೆ ಅಂತ. ನಾನೂ ಕಮೋಡ್ ಮುಚ್ಚಳ ಹಾಕಿ ಅದ್ರ ಮೇಲೆ ಕೂತು ಬಾರಿಸ್ದೆ. ನಿಜಕ್ಕೂ ಕೇಳುತ್ತೆ. ತಪ್ಪೂ ಅಷ್ಟೇ ಚೆನ್ನಾಗಿ ಕೇಳುತ್ತೆ.

ಆಲ್ಬಮ್ಮಿನ ವಿಷಯ ಪ್ರೊಫೆಸ್ಸೊರ್ ಹತ್ರ ತೆಗೆಯೋಕೆ ಹೆದರಿಕೆ ಇತ್ತು, ಕಂಪ್ಯೂಟರ್ ಬೀಟು ಅಂತ ಬೈತಾರೇನೋ ಅಂತ. ಏಪ್ರಿಲಲ್ಲಿ ಒಂದಿನ ಧೈರ್ಯ ಮಾಡಿ ಹೇಳ್ದೆ. ಎದ್ದು ಹೋಗಿ ಅದ್ರ ಸಿಡಿ ತಂದ್ರು! ಅಂಚೆಲ್ಲಾ ಸವೆದಿತ್ತು. ಹಾಕಿ ಕೇಳ್ಸಿದ್ರು, ಹೆಡ್‌ಫೋನಲ್ಲಿ ಅಲ್ಲ, ಎರಡು ಹಳೇ ಸ್ಪೀಕರಲ್ಲಿ, ಹಾಡು ಹಾಡಿಗೂ ನಿಲ್ಸಿ. ಮೊದಲ ಹಾಡು ‘ಸಾಂಬಾ ದ ಬೆಂಸಾವ್’, ಆಶೀರ್ವಾದದ ಸಾಂಬಾ, ವಿನಿಸಿಯಸ್ ಬರೆದು ಬೇಡನ್ ಪವೆಲ್ ಸ್ವರ ಹಾಕಿದ್ದು. ವಿನಿಸಿಯಸ್ಸೇ ಹಾಡಿರೋ ಹಳೇ ರೆಕಾರ್ಡಲ್ಲಿ ಮಧ್ಯ ಮಧ್ಯ ಮಾತಾಡ್ತಾ ಪಿಶಿಂಗಿನ್ಯ ಅನ್ನೋ ಹಳೇ ಸಂಗೀತಗಾರನಿಂದ ಹಿಡಿದು ಹಿರಿಯರ ಹೆಸ್ರು ಒಂದೊಂದೇ ತಗೊಂಡು ಆಶೀರ್ವಾದ ಕೇಳ್ತಾರೆ, ನಮ್ಮಲ್ಲಿ ಕಛೇರಿಗೆ ಮುಂಚೆ ಗುರುಗಳನ್ನ ನೆನೆಯೋ ಹಾಗೆ. ಇನ್ನೊಂದು ‘ಸಾಂಬಾ ಇ ಅಮೊರ್’, ಅದು ಶಿಕೊ ಬುವಾರ್ಕಿದು, ಅವ್ರು ಬೆಬೆಲ್‌ಗೆ ಸೋದರಮಾವ, ಅಮ್ಮ ಮಿಯುಶಾಳ ತಮ್ಮ. ‘ಬನನೇರಾ’ ಜೊವಾವ್ ದೊನಾತೊ, ಜಿಲ್ಬೆರ್ಟೊ ಜಿಲ್ ಇಬ್ರದ್ದು. ಅಂದ್ರೆ ಹೊಸ ಸಂಗೀತ ಅಂತ ನಾನು ಅಂದ್ಕೊಂಡಿದ್ರಲ್ಲಿ ಮನೆ ಹಾಡುಗಳೇ ಎಷ್ಟೋ. ಒಳಗೆ ಗಿಟಾರು ಎಲ್ಲಿ, ಯಂತ್ರ ಎಲ್ಲಿ ಅಂತ ಗುರುತು ಹಿಡಿ ಅಂದ್ರು, ನಾಲ್ಕರಲ್ಲಿ ಮೂರು ಸಲ ತಪ್ಪು ಹೇಳ್ದೆ.

ಆ ಬೀಟುಗಳನ್ನ ಕೂಡಿಸಿದವನು ಬ್ರೆಜಿಲ್‌ನೋನೇ ಅಲ್ಲ. ಸೂಬಾ ಅಂತ ಕರೀತಿದ್ರು, ಪೂರ್ತಿ ಹೆಸ್ರು ಮಿತಾರ್ ಸುಬೊತಿಚ್, ಆಗಿನ ಯುಗೊಸ್ಲಾವಿಯದ ನೋವಿ ಸಾದ್ ಊರಿನೋನು. 1990ರ ಸುಮಾರಿಗೆ ಇಲ್ಲಿನ ಆಫ್ರೋ-ಬ್ರೆಜಿಲಿಯನ್ ತಾಳಗಳನ್ನ ಕಲಿಯೋಕೆ ಅಂತ ಸ್ಕಾಲರ್‌ಶಿಪ್ ಮೇಲೆ ಬಂದು ಸಾವೊ ಪಾಲೊದಲ್ಲೇ ಉಳ್ಕೊಂಡ. ಹೊರಗಿಂದ ಬಂದೋನು, ಕಿವೀಲೇ ಕಲ್ತೋನು ಅಂತ ಪ್ರೊಫೆಸ್ಸೊರ್ ನನ್ನ ಕಡೆ ಬೆರಳು ತೋರಿಸ್ಕೊಂಡು ಹೇಳಿದ್ರು, ಖುಷಿಯಾಗ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. 1999ರಲ್ಲಿ ಬೆಬೆಲ್ ಆಲ್ಬಮ್ ಕೆಲ್ಸ ಹತ್ರ ಹತ್ರ ಮುಗೀತಾ ಇದ್ದಾಗ ಅವನ ಮನೆ ಸ್ಟುಡಿಯೋಗೆ ಬೆಂಕಿ ಬಿತ್ತು. ರೆಕಾರ್ಡಿಂಗ್ ಉಳಿಸ್ಕೊಳ್ಳೋಕೆ ಮತ್ತೆ ಒಳಗೆ ಹೋದ ಅಂತಾರೆ, ಹೊಗೆಗೆ ಉಸಿರು ಕಟ್ಟಿ ಹೋಗ್ಬಿಟ್ಟ, 38 ವಯಸ್ಸು. ಆಲ್ಬಮ್ ಬಂದಿದ್ದು ಅವ್ನು ಹೋದ್ಮೇಲೆ. ಅವ್ನು ಹೋದ ತಾರೀಖು ನವೆಂಬರ್ 2.

ನಾನು ಕ್ಯಾಬಲ್ಲಿ ನಿದ್ದೆ ಮಾಡೋಕೆ ಹಾಕ್ಕೋತಿದ್ದ ಆಲ್ಬಮ್ಮು ಇದು. ಅವತ್ತು ಮನೆಗೆ ಹೋಗಿ ಮೊದಲ ಸಲ ಹನ್ನೊಂದೂ ಹಾಡು ಎಚ್ಚರವಾಗಿ ಕೇಳ್ದೆ.

ಜುಲೈ 6, ಶನಿವಾರ. ವಿಪರೀತ ಚಳಿ, ಅಲ್ಲಿ ಜುಲೈ ಅಂದ್ರೆ ನಡು ಚಳಿಗಾಲ, ಬೆರಳು ಬಗ್ಗಲ್ಲ. ಕ್ಲಾಸ್ ಮುಗಿಸಿ ಇಬ್ರೂ ಬೆನೆದಿಟೊ ಕಲಿಶ್ತೊ ಚೌಕದ ಶನಿವಾರದ ಸಂತೆಗೆ ನಡ್ಕೊಂಡು ಹೋದ್ವಿ, ಹಳೇ ರೆಕಾರ್ಡು, ಹಳೇ ಗಡಿಯಾರ, ಒಂದು ಕಡೆ ವಯಸ್ಸಾದೋರು ಕೂತು ಶೋರೊ ಅನ್ನೋ ಹಳೇ ವಾದ್ಯಸಂಗೀತ ಬಾರ್ಸೋದು. ಪ್ರೊಫೆಸ್ಸೊರ್ ಫೋನಿಗೆ ಒಂದರ ಮೇಲೊಂದು ಮೆಸೇಜ್ ಬರೋಕೆ ಶುರುವಾಯ್ತು. ಕನ್ನಡಕ ತೆಗೆದು ಹತ್ರ ಹಿಡಿದು ಓದಿದ್ರು, ಫೋನ್ ಜೇಬಿಗೆ ಹಾಕ್ಕೊಂಡ್ರು. ಜೊವಾವ್ ಹೋದ, ರಿಯೊದಲ್ಲಿ, 88 ವಯಸ್ಸು ಅಂದ್ರು. ಸ್ವಲ್ಪ ಹೊತ್ತಿಗೆ ಸಂತೆಲೆಲ್ಲಾ ಸುದ್ದಿ ಹಬ್ಬಿತು ಅನ್ಸುತ್ತೆ, ರೆಕಾರ್ಡ್ ಮಾರೋನೊಬ್ಬ ಹಾಕಿದ್ದ ಹಾಡು ತೆಗೆದು ಜೊವಾವ್‌ದು ಹಾಕ್ದ, ಆದ್ರೆ ವಾಲ್ಯೂಮ್ ಜಾಸ್ತಿ ಮಾಡ್ಲಿಲ್ಲ, ಎಷ್ಟು ಮೆತ್ತಗೆ ಇತ್ತು ಅಂದ್ರೆ ಪಕ್ಕದಲ್ಲಿ ಪಸ್ತೇಲ್ ಕರಿಯೋ ಎಣ್ಣೆ ಸದ್ದೇ ಜೋರಾಗಿತ್ತು. ಪ್ರೊಫೆಸ್ಸೊರ್ ಅಲ್ಲೇ ನಿಂತು ಬಲಗೈ ಹೆಬ್ಬೆರಳು ಕೋಟಿನ ಮೇಲೆ ಆಡಿಸ್ತಾ ಇದ್ರು. ಮುಂದಿನ ಶನಿವಾರ ಕ್ಲಾಸ್ ಬೇಡ ಅಂತ ಅಂದು ಮನೆಗೆ ಹೋದ್ರು.

ಆಗಸ್ಟಲ್ಲಿ ವಾಪಸ್ ಬರೋ ಮುಂಚೆ ಒಂದು ಹಾಡಾದ್ರೂ ಆ ಆಲ್ಬಮ್ಮಿನ ಥರ ರೆಕಾರ್ಡ್ ಮಾಡ್ಬೇಕು ಅಂತ ಹಠ. ‘ಸಾಂಬಾ ದ ಬೆಂಸಾವ್’ ತಗೊಂಡೆ, ಕಾರ್ಡ್ ಕಮ್ಮಿ ಅಂತ. ಲ್ಯಾಪ್‌ಟಾಪು, ಒಂದು ಮೈಕು, ಪ್ಲಾಸ್ಟಿಕ್ ಡಬ್ಬಿಗೆ ಸೋನಾ ಮಸೂರಿ ಹಾಕಿ ಶೇಕರ್. ಮೈಕು ಹತ್ರ ಇಟ್ಟಾಗ ಗೊತ್ತಾಯ್ತು ಬೆಬೆಲ್ ಹಾಡೋ ರೀತಿ ಎಷ್ಟು ಕಷ್ಟ ಅಂತ, ಮೆತ್ತಗೆ ಹಾಡಿದ್ರೆ ಶ್ರುತಿ ಇಳಿಯುತ್ತೆ, ಶ್ರುತಿ ಹಿಡಿದ್ರೆ ಗಂಟಲು ಏರುತ್ತೆ, ಗಮಕ ಮಾಡೋ ಅಭ್ಯಾಸ ಇರೋ ಗಂಟಲಿಗೆ ಸ್ವರನ ಅಲುಗಾಡಿಸ್ದೆ ಬಿಡೋದೇ ಶಿಕ್ಷೆ. ಗಿಟಾರು ಅಲ್ಲಲ್ಲಿ ಹಿಂದೆ ಮುಂದೆ ಆಗಿತ್ತು, ಸಾಫ್ಟ್‌ವೇರಲ್ಲಿ ಕ್ವಾಂಟೈಸ್ ಅಂತ ಇದೆ, ಒತ್ತಿದ್ರೆ ಎಲ್ಲಾ ಏಟುಗಳನ್ನೂ ಗೆರೆ ಮೇಲೆ ಕೂರ್ಸುತ್ತೆ, ಒತ್ತಿದೆ. ಕೇಳ್ದೆ. ಟಿಕ್ ಟಿಟಿಕ್ ಟಿಕ್. ಚಿಕ್ಕಪ್ಪನ ಮಗನ ಕ್ಯಾಸಿಯೋ!

ಎಲ್ಲಾ ವಾಪಸ್ ತೆಗೆದೆ. ಸೂಬಾ ಅದನ್ನ ಹೆಂಗೆ ಮಾಡ್ದ, ಯಂತ್ರ ಇದ್ರೂ ಕುಂಟೋ ಹಾಗೆ ಹೆಂಗೆ ಕೂರ್ಸಿದ ಅಂತ ಮೂರು ರಾತ್ರಿ ಒಂದೊಂದೇ ಶೇಕರ್ ಏಟನ್ನ ಮೌಸಲ್ಲಿ ಎಳೆದೆಳೆದು ನೋಡ್ದೆ, ಎರಡು ಸಾಲಿಗೆ ಸಾಕಾಯ್ತು.

ಈಗ ಮೈಸೂರಲ್ಲೇ ಇದೀನಿ, ಮನೆಯಿಂದಲೇ ಕೆಲ್ಸ. ಗಿಟಾರು ವಿಮಾನದಲ್ಲಿ ಹೆಂಗೋ ಉಳ್ಕೊಂಡು ಬಂತು, ಮಳೆಗಾಲದಲ್ಲಿ ಒಂದೊಂದ್ಸಲ ಜೀರುಂಡೆ ಕೂಗುತ್ತೆ, ಆ ಸಣ್ಣ ಕೀ ಪ್ರೊಫೆಸ್ಸೊರ್ ಕೊಟ್ಟು ಕಳ್ಸಿದಾರೆ. ಮೊನ್ನೆ ಅಮ್ಮಂಗೆ ಪೂರ್ತಿ ಹಾಡು ಬಾರಿಸಿ ತೋರ್ಸಿದೆ. ಅಮ್ಮ ತೊಡೆ ಮೇಲೆ ತಾಳ ಹಾಕ್ಕೊಂಡೇ ಕೇಳಿದ್ಲು, ತಪ್ಪಲಿಲ್ಲ, ಎತ್ತುಗಡೆ, ಅಂದ್ರೆ ತಾಳದಲ್ಲಿ ಹಾಡು ಶುರುವಾಗೋ ಜಾಗ, ಎಲ್ಲಿ ಅಂತ ಕಂಡು ಹಿಡಿದೂ ಬಿಟ್ಲು. ‘ಚೆನ್ನಾಗಿದೆ ಕಣೇ, ಆದ್ರೆ ಯಾರ್ಗೂ ಕೇಳಿಸ್ಬಾರ್ದು ಅಂತ ಯಾಕೆ ಹಾಡ್ತೀಯ?’ ಅಂದ್ಲು.

ಫೋನಲ್ಲಿ ರೆಕಾರ್ಡ್ ಮಾಡಿ ಪ್ರೊಫೆಸ್ಸೊರ್‌ಗೂ ಕಳ್ಸಿದೆ. ಎರಡು ದಿನ ಬಿಟ್ಟು ವಾಯ್ಸ್ ಮೆಸೇಜ್ ಬಂತು, ಹದಿನಾಲ್ಕು ಸೆಕೆಂಡು. ಹೆಬ್ಬೆರಳು ಜೋರಾಯ್ತು ಅಂತ ಮೊದ್ಲು, ಆಮೇಲೆ ತಕಿತ ತಕಿತ ತಕಜಿಮಿ ತಕಿತ ತಕಿತ ತಕಿತ. ಒಂದು ತಕಿತ ಜಾಸ್ತಿ ಆಗಿದೆ, ಹೇಳ್ಲೋ ಬೇಡ್ವೋ ಅಂತ ಯೋಚಿಸ್ತಾ ಇದೀನಿ.